ಸಾಕೆನ್ನುವ ಯಜಮಾನಿಕೆ

ನಮ್ಮ ಅರ್ಥಶಾಸ್ತ್ರ ಸಂಘದ ಪ್ರಬಂಧ ವಾಚನಕ್ಕೆಂದು ಅಧ್ಯಾಪಕರು ಹಂಚಿದ ವಿಷಯಗಳಲ್ಲಿ ನನ್ನ ಪಾಲಿಗೆ ಬಂದದ್ದು ‘ಸುಸ್ಥಿರವಾದ ಐಷಾರಾಮಿ ಪ್ರವಾಸೋದ್ಯಮದಲ್ಲಿ ಮುಖ್ಯಾಧಿಕಾರಿಯ ಹೊಣೆ’ ಎಂಬುದು. ಚೀಟಿಯನ್ನು ಬಿಚ್ಚಿ ಓದಿದೊಡನೆ ಪಕ್ಕದಲ್ಲಿ ಕುಳಿತಿದ್ದ ಮಿತ್ರರು ನಕ್ಕುಬಿಟ್ಟರು. ಹಾಸ್ಟೆಲಿನ ಮುದ್ದೆ ಸಾರಿನಲ್ಲಿ ಬೆಳೆದವನು ಐಷಾರಾಮವನ್ನು ಕುರಿತು ಬರೆಯುವುದೆಂದರೆ ಈಜು ಬಾರದವನು ಹೊಳೆಯ ಆಳವನ್ನು ವರ್ಣಿಸಿದಂತೆ ಎಂದು ಅವರ ಅಭಿಪ್ರಾಯ. ಅದು ತಕ್ಕಮಟ್ಟಿಗೆ ನಿಜವೇ. ಆದರೆ ನನ್ನ ಊರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಅಂತರಸಂತೆಯ ಹತ್ತಿರ. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಕಬಿನಿಯ ಹಿನ್ನೀರು. ಹಿನ್ನೀರಿನ ದಡದಲ್ಲಿ, ಒಂದು ರಾತ್ರಿಯ ವಾಸಕ್ಕೆ ನಮ್ಮ ಮನೆಯ ಒಂದು ತಿಂಗಳ ಖರ್ಚಿಗಿಂತ ಹೆಚ್ಚು ಹಣ ತೆಗೆದುಕೊಳ್ಳುವ ರೆಸಾರ್ಟುಗಳು. ನನ್ನ ಸೋದರಮಾವ ಅಂಥದೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾರೆ. ಆದುದರಿಂದ ಈ ವಿಷಯವನ್ನು ಮುಂಬಾಗಿಲಿನಿಂದಲ್ಲದಿದ್ದರೂ ಹಿತ್ತಲ ಬಾಗಿಲಿನಿಂದ ನಾನು ಬಲ್ಲೆ.

ಮೊದಲು ಶಬ್ದಗಳ ವಿಚಾರ. ‘ಸುಸ್ಥಿರ’ ಎಂಬ ಮಾತಿಗೆ ಇಂದು ರೂಢಿಯಲ್ಲಿರುವ ಅರ್ಥವನ್ನು ಕೊಟ್ಟದ್ದು ನಾರ್ವೆಯ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರಂಟ್‌ಲ್ಯಾಂಡರ ಅಧ್ಯಕ್ಷತೆಯ ಆಯೋಗ, 1987ರ ತನ್ನ ವರದಿಯಲ್ಲಿ. ಇಂದಿನವರು ತಮ್ಮ ಅಗತ್ಯವನ್ನು ಪೂರೈಸಿಕೊಳ್ಳುವ ಭರದಲ್ಲಿ ಮುಂದೆ ಬರುವವರ ಕೈ ಬರಿದು ಮಾಡಬಾರದು ಎಂಬುದು ಅದರ ತಾತ್ಪರ್ಯ. ನಮ್ಮ ಕಡೆಯ ರೈತರು ಎಂಥ ಬರಗಾಲದಲ್ಲಿಯೂ ಬಿತ್ತನೆಯ ರಾಗಿಗೆ ಕೈಹಚ್ಚುವುದಿಲ್ಲ. ಅದನ್ನೇ ಆಯೋಗವು ವಿಸ್ತಾರವಾಗಿ ಹೇಳಿತು ಎನ್ನಬಹುದು. ಇನ್ನು ‘ಐಷಾರಾಮ’. ನಗರದ ಹೋಟೆಲಿನಲ್ಲಿ ಅಮೃತಶಿಲೆ, ಹಾಸಿಗೆ, ಊಟೋಪಚಾರ ಇವೇ ಐಷಾರಾಮ. ಕಾಡಿನಂಚಿನಲ್ಲಿ ಹಾಗಲ್ಲ. ಅಲ್ಲಿಗೆ ಬರುವ ಅತಿಥಿ ಹಾಸಿಗೆಗೆ ಹಣ ಕೊಟ್ಟರೂ ಕೊಳ್ಳಲು ಬಂದಿರುವುದು ನಿಶ್ಶಬ್ದವನ್ನು, ದೀಪವಿಲ್ಲದ ರಾತ್ರಿಯನ್ನು, ನೀರಿಗಿಳಿಯುವ ಆನೆಯ ಹಿಂಡನ್ನು. ಇವುಗಳಲ್ಲಿ ಒಂದೂ ಮಾರುವವನ ಸ್ವಂತದ್ದಲ್ಲ, ಅವನು ತಯಾರಿಸಿದ್ದೂ ಅಲ್ಲ. ಬಟ್ಟೆಯ ಗಿರಣಿಗೆ ಬೇಡಿಕೆ ಹೆಚ್ಚಿದರೆ ಇನ್ನೊಂದು ಮಗ್ಗ ಹಾಕಬಹುದು. ಕಬಿನಿಗೆ ಬೇಡಿಕೆ ಹೆಚ್ಚಿತೆಂದು ಇನ್ನೊಂದು ಹಿಂಡು ಆನೆಯನ್ನು ತರಿಸಲಾಗದು. ಬೇಡಿಕೆ ಹೆಚ್ಚಿದಷ್ಟೂ ಸರಕೇ ಕೆಡುವ ವ್ಯಾಪಾರ ಇದು. ಇದೊಂದನ್ನು ಗ್ರಹಿಸಿದರೆ, ಇಲ್ಲಿಯ ಮುಖ್ಯಾಧಿಕಾರಿಯ ಕೆಲಸ ಬೇರೆಡೆಯ ಮುಖ್ಯಾಧಿಕಾರಿಯ ಕೆಲಸಕ್ಕಿಂತ ಏಕೆ ಭಿನ್ನವೆಂಬುದು ತಾನಾಗಿ ತಿಳಿಯುತ್ತದೆ.

ಕಬಿನಿಯ ಕಾಡಿಗೆ ವೈಭವದ ಅತಿಥಿಗಳು ಬರತೊಡಗಿದ್ದು ಇಂದು ನಿನ್ನೆಯಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಕಾಕನಕೋಟೆಯ ಖೆಡ್ಡಾ ಪ್ರಸಿದ್ಧವಾಗಿತ್ತು. ಕಾಡಾನೆಗಳನ್ನು ಸುತ್ತುವರಿದು, ಹೊಳೆ ದಾಟಿಸಿ, ದೊಡ್ಡಿಗೆ ಕೂಡುವ ಆ ಕಾರ್ಯ ಅರಣ್ಯ ಇಲಾಖೆಗೆ ಆನೆ ಹಿಡಿಯುವ ಉಪಾಯ. ಮಹಾರಾಜರ ಅತಿಥಿಗಳಾಗಿ ಬರುತ್ತಿದ್ದ ವೈಸರಾಯಿಗಳಿಗೂ ರಾಜಕುಮಾರರಿಗೂ ಅದೊಂದು ಉತ್ಸವ. ಅವರು ಉಳಿಯುವುದಕ್ಕೆಂದು ಕಾಡಿನಲ್ಲಿ ಬಂಗಲೆಗಳು ಎದ್ದವು. ಕಾಡಿನ ಜಾಡು ಬಲ್ಲ ಜೇನುಕುರುಬರಿಲ್ಲದೆ ಖೆಡ್ಡಾ ನಡೆಯುವಂತಿರಲಿಲ್ಲ. ಆದರೆ ಚಿತ್ರಪಟಗಳಲ್ಲಿ ಅತಿಥಿಗಳ ಹೆಸರು ಉಳಿದಂತೆ ಅವರ ಹೆಸರು ಉಳಿಯಲಿಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಪೂರ್ತಿಯಾಗಿ, ಹಳ್ಳಿಗಳೂ ಹೊಲಗಳೂ ಕಾಡಿನ ಒಂದು ಭಾಗವೂ ನೀರಿನಡಿ ಹೋದವು.

ಇಲ್ಲಿ ಯಾರೂ ಎಣಿಸದಿದ್ದ ಒಂದು ಸಂಗತಿ ನಡೆಯಿತು. ಅಣೆಕಟ್ಟನ್ನು ಕಟ್ಟಿದ್ದು ನೀರಾವರಿಗಾಗಿ. ಆದರೆ ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬಯಲಾದ ಕೆಸರುನೆಲದಲ್ಲಿ ಎಳೆಯ ಹುಲ್ಲು ಚಿಗುರಿತು. ಸುತ್ತಲ ಕಾಡು ಒಣಗಿ ನಿಂತಿರುವಾಗ ನೀರೂ ಹುಲ್ಲೂ ಒಂದೇ ಕಡೆ ಸಿಕ್ಕುವ ಜಾಗ ಅದೊಂದೇ. ನಾಗರಹೊಳೆ, ಬಂಡೀಪುರ, ವಯನಾಡು ಮೂರೂ ಕಡೆಯಿಂದ ಆನೆಗಳು ಅಲ್ಲಿ ಬಂದು ಸೇರತೊಡಗಿದವು. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟುಗೂಡುವ ಸ್ಥಳಗಳು ಲೋಕದಲ್ಲಿ ಕೆಲವೇ. ಇಂದು ಅತಿಥಿಗಳು ಸಾವಿರಾರು ರೂಪಾಯಿ ತೆತ್ತು ನೋಡುವ ಆ ದೃಶ್ಯದ ಕೆಳಗೆ ಮುಳುಗಿದ ಊರುಗಳಿವೆ. ಬೇಸಿಗೆಯಲ್ಲಿ ನೀರಿನ ನಡುವೆ ಎದ್ದು ನಿಲ್ಲುವ ಒಣಮರಗಳನ್ನು ಕಂಡು ಅವರು ಚಿತ್ರ ತೆಗೆಯುತ್ತಾರೆ. ನನ್ನ ಅಜ್ಜಿ ಅದೇ ದಿಕ್ಕಿಗೆ ಕೈತೋರಿಸಿ ತವರಿನ ಹೊಲವಿದ್ದ ಜಾಗ ಎನ್ನುತ್ತಿದ್ದರು.

1980ರಲ್ಲಿ ಕರ್ನಾಟಕ ಸರ್ಕಾರ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿತು. ನೇಪಾಳದ ಚಿತವನದಲ್ಲಿ ಇಂಥ ಕೆಲಸ ಮಾಡಿ ಹೆಸರಾಗಿದ್ದ ಟೈಗರ್ ಟಾಪ್ಸ್ ಅದರಲ್ಲಿ ಪಾಲುದಾರನಾಗಿತ್ತು. ಮುಂದೆ ಪಾಲುದಾರಿಕೆ ಮುಗಿದು ಸಂಸ್ಥೆ ಪೂರ್ತಿಯಾಗಿ ಸರ್ಕಾರದ್ದೇ ಆಯಿತು. ಕಾರಾಪುರದಲ್ಲಿದ್ದ ಮಹಾರಾಜರ ಕಾಲದ ಹಳೆಯ ಬಂಗಲೆಗಳನ್ನೇ ಸರಿಪಡಿಸಿ ಕಬಿನಿ ರಿವರ್ ಲಾಡ್ಜನ್ನು ತೆರೆದರು. ಇದನ್ನು ನೆಲೆಗೊಳಿಸಿದವರು ಕರ್ನಲ್ ಜಾನ್ ಫೆಲಿಕ್ಸ್ ವೇಕ್‌ಫೀಲ್ಡ್. 1916ರಲ್ಲಿ ಗಯಾದಲ್ಲಿ ಹುಟ್ಟಿದ ಆಂಗ್ಲರು, ಸೇನೆಯಲ್ಲಿದ್ದವರು, ಎಳೆಯ ವಯಸ್ಸಿನಲ್ಲಿಯೇ ಬೇಟೆಯ ರುಚಿ ಕಂಡು ಅನಂತರ ಕೋವಿಯನ್ನು ಕೆಳಗಿಟ್ಟವರು. ಸಾಮಾನ್ಯರಾದರೆ ವಿಶ್ರಾಂತಿಗೆ ಹೋಗುವ ವಯಸ್ಸಿನಲ್ಲಿ ಅವರು ಕಬಿನಿಗೆ ಬಂದರು. ಬಂದವರು ಅಲ್ಲಿಯೇ ಉಳಿದು, 2010ರಲ್ಲಿ, 94ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಸುತ್ತಲಿನವರೆಲ್ಲ ಅವರನ್ನು ‘ಪಾಪಾ’ ಎನ್ನುತ್ತಿದ್ದರು.

ಅವರ ಸ್ತುತಿಗೆಂದು ನಾನು ಇದನ್ನು ಬರೆಯುತ್ತಿಲ್ಲ. ವ್ಯಕ್ತಿಪೂಜೆ ನಮ್ಮಲ್ಲಿ ಬೇಕಾದಷ್ಟಿದೆ. ನನ್ನ ಗಮನ ಸೆಳೆದದ್ದು ಎರಡು ಸಂಗತಿಗಳು. ಮೊದಲನೆಯದು, ಯಜಮಾನನು ಸ್ಥಳದಲ್ಲಿಯೇ ವಾಸವಿದ್ದದ್ದು. ದೂರದ ನಗರದ ಕಚೇರಿಯಲ್ಲಿ ಕುಳಿತವನಿಗೆ ವರ್ಷದ ಲೆಕ್ಕಪತ್ರ ಕಾಣುತ್ತದೆ. ಈ ವರ್ಷ ಹುಲ್ಲು ತಡವಾಗಿ ಚಿಗುರಿತೆಂಬುದು, ಜೀಪುಗಳು ಒಂದೇ ದಾರಿಯಲ್ಲಿ ಮುಗಿಬಿದ್ದವೆಂಬುದು, ಅಡುಗೆಮನೆಯ ಬಚ್ಚಲು ನೀರು ಎಲ್ಲಿಗೆ ಹರಿಯುತ್ತಿದೆಯೆಂಬುದು ಕಾಣುವುದಿಲ್ಲ. ಎರಡನೆಯದು, ಆ ನಿಗಮದ ವ್ಯವಸ್ಥಾಪಕ ನಿರ್ದೇಶಕರ ಸ್ಥಾನಕ್ಕೆ ಸಾಮಾನ್ಯವಾಗಿ ಅರಣ್ಯ ಸೇವೆಯ ಅಧಿಕಾರಿಗಳು ಬರುತ್ತ ಬಂದಿರುವುದು. ಹೋಟೆಲಿನ ವ್ಯಾಪಾರ ನಡೆಸುವುದಕ್ಕೆ ಕಾಡು ಕಾಯುವವನನ್ನು ಕೂರಿಸುವುದು ಮೊದಲ ನೋಟಕ್ಕೆ ವಿಚಿತ್ರ. ಆದರೆ ಮಾರುತ್ತಿರುವ ಸರಕು ಕಾಡೇ ಆಗಿರುವಾಗ, ಸರಕಿನ ಗುಣ ಬಲ್ಲವನ ಕೈಗೆ ಕೀಲಿಕೈ ಕೊಟ್ಟದ್ದು ಯುಕ್ತವೆಂದೇ ನನಗೆ ತೋರುತ್ತದೆ. ಇದರಲ್ಲಿ ಕುಂದಿಲ್ಲವೆಂದಲ್ಲ. ಕಾಯುವವನೂ ಮಾರುವವನೂ ಒಬ್ಬನೇ ಆದಾಗ, ಮಾರಾಟ ಹೆಚ್ಚಿಸೆಂದು ಮೇಲಿನಿಂದ ಒತ್ತಡ ಬಂದರೆ ಅವನು ಯಾರ ಬಳಿ ದೂರು ಹೇಳಬೇಕು?

ಈಗ ಸ್ವಲ್ಪ ಲೆಕ್ಕ. ಇದು ಕಲ್ಪನೆಯ ಲೆಕ್ಕ. ಯಾವ ರೆಸಾರ್ಟಿನದೂ ಅಲ್ಲ. ಒಬ್ಬನು 20 ಕೊಠಡಿ ಕಟ್ಟಿ ದಿನಕ್ಕೆ 20,000 ರೂಪಾಯಿ ದರ ಇಟ್ಟನೆನ್ನೋಣ. ಇನ್ನೊಬ್ಬನು 200 ಕೊಠಡಿ ಕಟ್ಟಿ 2,000 ರೂಪಾಯಿ ಇಟ್ಟನು. ಕೊಠಡಿಗಳೆಲ್ಲ ತುಂಬಿದರೆ ಇಬ್ಬರಿಗೂ ದಿನಕ್ಕೆ 4,00,000 ರೂಪಾಯಿ. ಕೊಠಡಿಗೆ ಇಬ್ಬರಂತೆ ಮೊದಲನೆಯವನಲ್ಲಿ 40 ಅತಿಥಿಗಳು, ಎರಡನೆಯವನಲ್ಲಿ 400. ಎಂಟು ಜನರ ಜೀಪಿನ ಲೆಕ್ಕದಲ್ಲಿ ಅಲ್ಲಿ 5 ಜೀಪು ಸಾಕು, ಇಲ್ಲಿ 50 ಬೇಕು. ಹೆಚ್ಚು ಹಣ ಕೊಟ್ಟವನು ನೀರನ್ನೂ ಹೆಚ್ಚು ಬಳಸುತ್ತಾನೆ. ಅವನಿಗೆ ದಿನಕ್ಕೆ 500 ಲೀಟರ್, ಇವನಿಗೆ 200 ಲೀಟರ್ ಎಂದಿಟ್ಟುಕೊಂಡರೂ ಅಲ್ಲಿ 20,000 ಲೀಟರ್, ಇಲ್ಲಿ 80,000 ಲೀಟರ್. ಕಾಡಿನ ದೃಷ್ಟಿಯಿಂದ ಕೆಲವರೇ ಬಂದು ಹೆಚ್ಚು ಕೊಡುವುದು ಮೇಲು. ‘ಸುಸ್ಥಿರ’ವೂ ‘ಐಷಾರಾಮ’ವೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳಾಗುವುದು ಈ ಲೆಕ್ಕದಿಂದಲೇ.

ಕಾಗದದ ಮೇಲೆ ಲೆಕ್ಕ ಚೊಕ್ಕವಾಗಿದೆ. ನೆಲದ ಮೇಲೆ ಅದು ಮೂರು ಕಡೆ ಮುಗ್ಗರಿಸುತ್ತದೆ. ಮೊದಲನೆಯದಾಗಿ, 20 ಕೊಠಡಿಯವನು ಒಂದೊಂದು ಕೊಠಡಿಗೂ ಒಂದೊಂದು ಈಜುಕೊಳ ಕಟ್ಟಿಸಿದನೆಂದರೆ ನೀರಿನ ಉಳಿತಾಯವೆಲ್ಲ ಅಲ್ಲಿಗೆ ಮುಗಿಯಿತು. ಎರಡನೆಯದಾಗಿ, 20,000 ರೂಪಾಯಿಯ ಬಾಗಿಲಿನೊಳಗೆ ನಮ್ಮಂಥವರು ಹೋಗುವಂತಿಲ್ಲ. ಅಜ್ಜಿಯ ಹೊಲದ ಮೇಲೆ ನಿಂತ ನೀರನ್ನು ಆ ದಡದಿಂದ ನೋಡುವುದಕ್ಕೆ ಮೊಮ್ಮಗನಲ್ಲಿ ಹಣವಿಲ್ಲ. ಅರಣ್ಯ ಇಲಾಖೆ ದಮ್ಮನಕಟ್ಟೆಯಿಂದ ಬಸ್ಸಿನಲ್ಲಿ ಕಡಮೆ ದರಕ್ಕೆ ಕಾಡು ತೋರಿಸುತ್ತ ಬಂದಿದ್ದರಿಂದ ನಾನೂ ನನ್ನ ತರಗತಿಯ ಕೆಲವರೂ ಒಮ್ಮೆ ಹೋಗಿ ಬಂದೆವು. ಕಾಟಿಯನ್ನೂ ನೂರಾರು ಜಿಂಕೆಗಳನ್ನೂ ಕಂಡೆವು. ಹುಲಿ ಕಾಣಲಿಲ್ಲ, ನಮ್ಮ ಇತಿಹಾಸದ ಅಧ್ಯಾಪಕರು ಬಸ್ಸಿನಲ್ಲಿ ಮಾಡಿದ ಗೊರಕೆಗೆ ಅದು ಓಡಿಹೋಯಿತೆಂದು ಮಿತ್ರರ ವಾದ. ಮೂರನೆಯದೇ ಎಲ್ಲಕ್ಕಿಂತ ತೊಡಕಿನದು. ಒಬ್ಬ ಯಜಮಾನ ವಿವೇಕದಿಂದ ‘20 ಕೊಠಡಿ ಸಾಕು’ ಎಂದನೆನ್ನಿ. ಅವನು ಬಿಟ್ಟ ಲಾಭವನ್ನು ಕಂಡು ಪಕ್ಕದ ಜಮೀನಿನಲ್ಲಿ ಇನ್ನೊಬ್ಬನು ಕಟ್ಟುತ್ತಾನೆ. ಅವನ ಪಕ್ಕದಲ್ಲಿ ಮತ್ತೊಬ್ಬನು. ಊರ ಗೋಮಾಳದಲ್ಲಿ ನಾನು ಎರಡು ಹಸು ಬಿಟ್ಟು ಸುಮ್ಮನಾದರೆ ನೆರೆಯವನು ನಾಲ್ಕು ಬಿಡುತ್ತಾನಲ್ಲವೆ? ಕಬಿನಿಯ ದಡದಲ್ಲಿ ಆದದ್ದು ಇದೇ.

ಆದರೂ ಒಂದು ಕಟ್ಟು ಅಲ್ಲಿ ನಿಂತಿತು. ಕೊಠಡಿ ಯಾರೇ ಕಟ್ಟಲಿ, ಕಾಡಿನೊಳಗೆ ಅವರವರ ಜೀಪು ಬಿಡುವಂತಿಲ್ಲ. ಬೇರೆ ರೆಸಾರ್ಟಿನ ಅತಿಥಿಗಳೂ ನಿಗಮದ ಜೀಪನ್ನೇ ಹತ್ತಬೇಕು. ಜೀಪುಗಳ ಸಂಖ್ಯೆಗೆ ಮಿತಿಯುಂಟು. ದಡದಲ್ಲಿ ಎಷ್ಟು ಹಾಸಿಗೆ ಹೆಚ್ಚಿದರೂ ಕಾಡಿನ ಬಾಗಿಲು ಅಷ್ಟೇ ಅಗಲ. ಮಿತಿಯನ್ನು ಎಲ್ಲಿ ಇಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಬೇಲಿ ಹಾಕಬೇಕಾದದ್ದು ಎಲ್ಲರೂ ಕೂಡುವ ಇಕ್ಕಟ್ಟಿನ ಕಡೆಯಲ್ಲಿ.

ಯಜಮಾನರು ತಾವಾಗಿ ಮಿತಿ ಹಾಕಿಕೊಳ್ಳದಿದ್ದಾಗ ಏನಾಗುತ್ತದೆಂಬುದಕ್ಕೆ ಅದೇ ಕಾಡಿನ ಇನ್ನೊಂದು ಮೂಲೆಯ ಕಥೆ ಇದೆ. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗೆ ಮುರ್ಕಲ್ ಎಂಬಲ್ಲಿ ಅರಣ್ಯ ಇಲಾಖೆಯ ಕಟ್ಟಡಗಳನ್ನು 1994ರಲ್ಲಿ ಸರ್ಕಾರ ತಾಜ್ ಸಮೂಹಕ್ಕೆ ಸೇರಿದ ಹೋಟೆಲು ಕಂಪನಿಗೆ ಗುತ್ತಿಗೆಗೆ ಕೊಟ್ಟಿತು. ರಾಷ್ಟ್ರೀಯ ಉದ್ಯಾನವೆಂಬ ಕಾರಣಕ್ಕೆ ಜೇನುಕುರುಬರನ್ನೂ ಬೆಟ್ಟಕುರುಬರನ್ನೂ ಎರವರನ್ನೂ 1970ರ ದಶಕದಿಂದ ಹೊರಗೆ ಕಳುಹಿಸುತ್ತ ಬಂದ ಕಾಡು ಅದು. ಗೆಣಸು ಅಗೆಯುವುದು, ಜೇನು ಕೀಳುವುದು ಕಾಡಿಗೆ ಕೇಡಾದರೆ ಹೋಟೆಲು ಹೇಗೆ ಕೇಡಲ್ಲವೆಂದು ಆದಿವಾಸಿಗಳು ಕೇಳಿದರು. ಈ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಉತ್ತರವಿಲ್ಲ. ಅವರು ಚಳವಳಿ ಹೂಡಿದರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೂ 1980ರ ಅರಣ್ಯ ಸಂರಕ್ಷಣಾ ಅಧಿನಿಯಮಕ್ಕೂ ಗುತ್ತಿಗೆ ವಿರುದ್ಧವೆಂದು 1997ರಲ್ಲಿ ಕರ್ನಾಟಕ ಹೈಕೋರ್ಟು ತೀರ್ಪು ಕೊಟ್ಟಿತು. ಹೋಟೆಲು ತೆರೆಯಲಿಲ್ಲ.

ಕಾರಾಪುರವನ್ನೂ ಮುರ್ಕಲ್ಲನ್ನೂ ಎದುರುಬದುರು ಇಟ್ಟು ನೋಡಬೇಕು. ಅನುಭವದಲ್ಲಿ, ಬಂಡವಾಳದಲ್ಲಿ ಎರಡನೆಯದರ ಹಿಂದಿದ್ದವರು ಯಾರಿಗೂ ಕಡಮೆಯವರಲ್ಲ. ಒಂದು ಕಾಡಿನ ಅಂಚಿನಲ್ಲಿ ಇದ್ದ ಹಳೆಯ ಕಟ್ಟಡಗಳಲ್ಲಿ ನೆಲೆಗೊಂಡಿತು. ಇನ್ನೊಂದು ಉದ್ಯಾನದ ಒಡಲಿಗೇ ಹೊಕ್ಕಿತು. ಇಂಥ ಯೋಜನೆ ಮೇಜಿನ ಮೇಲೆ ಬಂದಾಗ ಮುಖ್ಯಾಧಿಕಾರಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಲಾಭ’ ಎಂಬುದಲ್ಲ. ‘ಈ ಜಾಗದಲ್ಲಿ ಮೊದಲು ಯಾರಿದ್ದರು, ಅವರು ಈಗ ಎಲ್ಲಿದ್ದಾರೆ’ ಎಂಬುದು. ಆಮೇಲೆ ಅದನ್ನು ನ್ಯಾಯಾಧೀಶರು ಕೇಳುವ ಹೊತ್ತಿಗೆ ಹಣವೂ ಹೋಗಿರುತ್ತದೆ, ಹೆಸರೂ ಹೋಗಿರುತ್ತದೆ.

ದೇಶಕ್ಕೆ ದೇಶವೇ ಇಂಥ ಮಿತಿ ಹಾಕಿಕೊಂಡದ್ದೂ ಉಂಟು. ಭೂತಾನ ಪರದೇಶದ ಪ್ರವಾಸಿಗಳಿಗೆ ಬಾಗಿಲು ತೆರೆದದ್ದು 1974ರಲ್ಲಿ, ದೊರೆ ಜಿಗ್ಮೆ ಸಿಂಗೆ ವಾಂಗ್ಚುಕ್ಕರ ಪಟ್ಟಾಭಿಷೇಕದ ವರ್ಷ. ಮೊದಲಿನಿಂದಲೂ ಕೆಲವರು ಬರಲಿ, ಹೆಚ್ಚು ಕೊಡಲಿ ಎಂಬುದೇ ಅವರ ನೀತಿ. 2022ರ ಸೆಪ್ಟೆಂಬರಿನಲ್ಲಿ ಒಬ್ಬೊಬ್ಬ ಪ್ರವಾಸಿಗೆ ರಾತ್ರಿಯೊಂದಕ್ಕೆ 200 ಡಾಲರ್ ಸುಂಕ ಹೇರಿದರು. ಭಾರತೀಯರಿಗೆ ಮಾತ್ರ 1,200 ರೂಪಾಯಿ. ಪ್ರವಾಸಿಗಳು ತೀರ ಕಡಮೆಯಾಗಿ ಹೋಟೆಲುಗಳು ಗೋಳಿಟ್ಟವು. ಮಾರನೆಯ ವರ್ಷ ಅದನ್ನು 100 ಡಾಲರಿಗೆ ಇಳಿಸಬೇಕಾಯಿತು. ಮಿತಿ ಹಾಕುವುದೊಂದೇ ಅಲ್ಲ, ಅದನ್ನು ಎಷ್ಟರಲ್ಲಿ ಹಾಕಬೇಕೆಂಬುದೂ ಯಜಮಾನಿಕೆಯ ಪರೀಕ್ಷೆಯೇ. ನಮ್ಮಲ್ಲಿ 2012ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹುಲಿಧಾಮಗಳ ನಡುಗಾಡಿನಲ್ಲಿ ಪ್ರವಾಸವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಅಕ್ಟೋಬರಿನಲ್ಲಿ, ನಡುಗಾಡಿನ ಶೇಕಡ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸಬಾರದೆಂಬುದೇ ಮೊದಲಾದ ನಿಯಮಗಳು ಬಂದ ಮೇಲೆ ತಡೆ ತೆಗೆಯಿತು.

ಇವೆಲ್ಲ ನನಗೆ ಪುಸ್ತಕದ ಮಾತಾಗಿದ್ದುವು, 2025ರವರೆಗೆ. ಆ ವರ್ಷದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ನಮ್ಮ ಕಡೆಯ ಹೊಲಗಳಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದರು. ಹತ್ತಿ ಬಿಡಿಸುವ ಕಾಲ. ಹೆಂಗಸರು ಹೊಲಕ್ಕೆ ಹೋಗಲು ಅಂಜಿದರು. ಸಫಾರಿಯ ಗದ್ದಲ, ರೆಸಾರ್ಟುಗಳ ದೀಪ ಇವುಗಳಿಂದಲೇ ಹುಲಿಗಳು ಹೊರಬೀಳುತ್ತಿವೆಯೆಂದು ರೈತರು ದೂರಿದರು. ನವೆಂಬರಿನಲ್ಲಿ ಬಂಡೀಪುರ ಮತ್ತು ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿ, ಅದಕ್ಕೆ ತೊಡಗಿದ್ದ ಸಿಬ್ಬಂದಿಯನ್ನು ಹುಲಿ ಪತ್ತೆಯ ಕೆಲಸಕ್ಕೆ ಹಚ್ಚುವಂತೆ ಅರಣ್ಯ ಸಚಿವರು ಆದೇಶಿಸಿದರು. ಕಾರಣ ಸಫಾರಿಯೇ ಹೌದೆ ಅಲ್ಲವೆ ಎಂಬುದನ್ನು ಪ್ರಾಣಿಶಾಸ್ತ್ರ ಬಲ್ಲವರು ಹೇಳಬೇಕು. ನನ್ನ ವಿಷಯ ಅದಲ್ಲ. ನಾನು ಕಂಡದ್ದು ಇಷ್ಟು: ದಡದ ಕೊಠಡಿಗಳು ಖಾಲಿಯಾದವು. ಮಾವ ಕೆಲಸ ಮಾಡುವಲ್ಲಿ ಕೆಳಗಿನ ನೌಕರರಿಗೆ ಮುಂದಿನ ಸೂಚನೆಯವರೆಗೆ ಬರಬೇಡಿರೆಂದರು, ಸಂಬಳವೂ ಬರಲಿಲ್ಲ. ಕಾಡಿನ ಹೆಸರಿನಲ್ಲಿ ಅಷ್ಟು ದರ ತೆಗೆದುಕೊಳ್ಳುವ ಮನೆಯಲ್ಲಿ, ಕಾಡು ಮುನಿದ ಎರಡು ತಿಂಗಳಿಗೆ ಆಗುವಷ್ಟು ಕೂಲಿಯನ್ನು ಎತ್ತಿಡುವ ಯೋಚನೆ ಯಾರಿಗೂ ಬಂದಿರಲಿಲ್ಲ. ಬಿತ್ತನೆಯ ರಾಗಿಯ ಮಾತನ್ನು ನಾನು ಮೊದಲೇ ಹೇಳಿದೆನಷ್ಟೆ. ಮುಖ್ಯಾಧಿಕಾರಿಯ ಹೊಣೆಗಳಲ್ಲಿ ಇದೂ ಒಂದು ಎಂದು ಯಾವ ನಿರ್ವಹಣಾಶಾಸ್ತ್ರದ ಗ್ರಂಥದಲ್ಲಿ ಬರೆದಿದೆಯೋ ಇಲ್ಲವೋ, ನನ್ನ ಪ್ರಬಂಧದಲ್ಲಂತೂ ಬರೆದಿದ್ದೇನೆ.

ಪ್ರಬಂಧ ಮುಗಿಸುವ ಮುನ್ನ ಊರಿಗೆ ಹೋಗಿದ್ದಾಗ ಮಾವನನ್ನು ಕೇಳಿದೆ. ಅವರು ಮನೆಯ ಮುಂದೆ ಕುಳಿತು ಹುರುಳಿಗಿಡ ಬಡಿಯುತ್ತಿದ್ದರು.

“ಮಾವ, ನೀವೇ ಅಲ್ಲಿಯ ಯಜಮಾನರಾಗಿದ್ದರೆ ಎಷ್ಟು ಕೊಠಡಿ ಕಟ್ಟಿಸುತ್ತಿದ್ದಿರಿ?”

ಅವರು ದೊಣ್ಣೆಯನ್ನು ಪಕ್ಕಕ್ಕಿಟ್ಟು ಬಹಳ ಹೊತ್ತು ಯೋಚಿಸಿದರು. ನೀರು ಎಷ್ಟು ಬೇಕು, ಎಂಜಲು ಎಷ್ಟು ಬೀಳುತ್ತದೆ, ರಾತ್ರಿ ಜನರೇಟರು ಎಷ್ಟು ಹೊತ್ತು ಓಡುತ್ತದೆ ಎಂದು ಬೆರಳು ಮಡಿಸಿ ಎಣಿಸಿದರು. ನಮ್ಮ ತರಗತಿಯಲ್ಲಿ ಯಾರೂ ಅಷ್ಟು ಚೆನ್ನಾಗಿ ಲೆಕ್ಕ ಹಾಕಲಾರರು.

“ಹನ್ನೆರಡು ಸಾಕು ಕಣಪ್ಪ. ಅದಕ್ಕೆ ಮೇಲೆ ಆ ಜಾಗ ತಡಿಯಲ್ಲ.”

ನಾನು ಬರೆದುಕೊಂಡೆ. ಮಾವ ಮತ್ತೆ ದೊಣ್ಣೆ ತೆಗೆದುಕೊಂಡವರು ಹಾಗೆಯೇ ನಿಂತರು.

“ಹನ್ನೆರಡೇ ಆದ್ರೆ ಅಡಿಗೆಮನೆಗೆ ನಾಕು ಜನ ಸಾಕಾಯ್ತರೆ,” ಎಂದರು. “ನಾನು ಏಳ್ನೆಯವ್ನು.”